ಬಾಗಿಲು ದಾಟದ ಕ್ರೋಶಾ ಹೂ

ಕಳೆದ ಗುರುವಾರ ಮಧ್ಯಾಹ್ನ ಹುನಗುಂದದ ನಮ್ಮ ಮನೆಯ ಬಾಗಿಲಲ್ಲಿ ಒಂದು ಹೂ ಸಿಕ್ಕಿಹಾಕಿಕೊಂಡಿತು.

ಹೂ ಅಂದರೆ ಹೂವೇ. ಗುಲಾಬಿ. ಕ್ರೋಶಾ ಸೂಜಿಯಿಂದ ಹೆಣೆದದ್ದು. ಎಸಳು ಜೋಲು ಬೀಳುತ್ತವೆಂದು ಅತ್ತೆ ಹಿಂದಿನ ದಿನ ಅದಕ್ಕೆ ಗಂಜಿ ಹಾಕಿ ಪಡಸಾಲೆಯಲ್ಲೇ ಒಣಗಿಸಿದ್ದರು. ಅದು ಒಣಗಿ ಹಪ್ಪಳದಂತೆ ಬಿರುಸಾಗಿತ್ತು. ಮುಂದಿನ ಸುತ್ತಿಗೆ ಒಳಗೆ ಜಾಗವಿಲ್ಲ, ಈಗ ಅಂಗಳಕ್ಕೆ ತರಬೇಕು. ಒಳಗಿನಿಂದ ಅತ್ತೆ ನೂಕುತ್ತಿದ್ದಾರೆ, ಹೊರಗಿನಿಂದ ಪಕ್ಕದ ಮನೆಯ ಗಂಗಕ್ಕ ಎಳೆಯುತ್ತಿದ್ದಾರೆ. ಹೂ ಅಲ್ಲಾಡುತ್ತಿಲ್ಲ.

ಇಷ್ಟು ದೊಡ್ಡ ಹೂ ಎಲ್ಲಿಂದ ಬಂತು? ಹೇಳುತ್ತೇನೆ. ತಪ್ಪು ನನ್ನದೇ. (ಅತ್ತೆ ಈ ಅಂಕಣ ತಪ್ಪದೆ ಓದುತ್ತಾರೆ. ಓದಲಿ, ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ.)

ಎರಡು ವರ್ಷದ ಹಿಂದೆ ನಮ್ಮ ಯಜಮಾನರ ಮನೆಯವರು ಕನ್ಯಾ ನೋಡಲು ಇಳಕಲ್ಲಿಗೆ ಬಂದಿದ್ದರು. ಆ ದಿನ ಹುಡುಗಿಗಿಂತ ಮೊದಲು ಹುಡುಗಿಯ ಕೈಗೆಲಸ ತೋರಿಸಬೇಕಲ್ಲ? ನಮ್ಮ ಅವ್ವ ರೇಡಿಯೋ ಮೇಲೆ ಕ್ರೋಶಾ, ಕನ್ನಡಿಯ ಮೇಲೆ ಕ್ರೋಶಾ, ನೀರಿನ ಕೊಡದ ಮೇಲೂ ಕ್ರೋಶಾ ಹೊದಿಸಿ ಕೂತಿದ್ದಳು. ಎಲ್ಲದರ ಅಂಚಿಗೂ ಪುಟ್ಟ ಪುಟ್ಟ ಗುಲಾಬಿ.

ಅತ್ತೆ ಒಂದೊಂದನ್ನೇ ಎತ್ತಿ ನೋಡಿ, "ಇವೆಲ್ಲಾ ಹುಡುಗೀನ ಹೆಣದಾಳೇನ್ರಿ?" ಅಂದರು.

"ಹೂನ್ರಿ. ಆಕೀಗೆ ದಿನಾ ಅದ ಕೆಲಸರಿ" ಅಂದುಬಿಟ್ಟಳು ಅವ್ವ.

ನನಗೋ ಸೂಜಿ ಹಿಡಿದರೆ ದಾರ, ಬೆರಳು, ಸಿಟ್ಟು ಮೂರೂ ಸಿಕ್ಕಾಗುತ್ತಿದ್ದವು. ಅವನ್ನೆಲ್ಲ ಹೆಣೆದದ್ದು ನನ್ನ ಅಣ್ಣ ಈರಣ್ಣ. ನೇಕಾರ. ದಿನವಿಡೀ ಮಗ್ಗದ ಮುಂದೆ ಕೂತು ಸೀರೆ ನೇಯುವ, ದಪ್ಪ ಮೀಸೆಯ ಮನುಷ್ಯ. ಮಗ್ಗಕ್ಕೆ ರಜೆ ಇದ್ದ ದಿನವೂ ಕೈ ಸುಮ್ಮನಿರದು, ಬಾಗಿಲು ಹಾಕಿಕೊಂಡು ಗುಲಾಬಿ ಹೆಣೆಯುತ್ತಾನೆ. ಚಹಾದಂಗಡಿಯ ಗೆಳೆಯರಿಗೆ ಗೊತ್ತಾಗಬಾರದು, ಅದೊಂದೇ ಅವನ ಕಂಡೀಷನ್.

ಗಂಡಿನ ಕಡೆಯವರೂ ಬರಿಗೈಯಲ್ಲಿ ಬಂದಿರಲಿಲ್ಲ. "ನಮ್ಮ ಹುಡುಗ ಪೇಟಿ ಬಾರಸಾಕ ಕುಂತಾಂದ್ರ ಓಣ್ಯಾಗ ಮಂದಿ ನಿಂತ ಕೇಳ್ತಾರ್ರಿ" ಅಂದಿದ್ದರು ಅತ್ತೆ. ಹಾರ್ಮೋನಿಯಂ ಬಾರಿಸುವ ಅಳಿಯ! ಅವ್ವ ಕಣ್ಣರಳಿಸಿದಳು. ಮದುವೆ ಆಯಿತು.

ಬಂದ ಮೊದಲ ವಾರವೇ ನೋಡಿದೆ. ಪಡಸಾಲೆಯ ಬೆಂಚಿನ ಮೇಲೆ ಹಾರ್ಮೋನಿಯಂ ಇತ್ತು. ಅತ್ತೆ ಅದರ ಧೂಳು ಒರೆಸುತ್ತಾ, "ಇದಕ್ಕೊಂದು ಕ್ರೋಶಾ ಹೊದಿಕಿ ಮಾಡವ್ವಾ" ಅಂದರು.

"ತವರಮನ್ಯಾಗ ಕುಂತ್ರ ನನಗ ಕೈ ಓಡತೈತ್ರೀ ಅತ್ತಿ" ಅಂದೆ. ಪಂಚಮಿಗೆ ಇಳಕಲ್ಲಿಗೆ ಹೋದೆ. ಅಣ್ಣನ ಗುಲಾಬಿ ತಂದೆ. ದೀಪಾವಳಿಗೆ ಹೋದೆ. ಮತ್ತೆ ಗುಲಾಬಿ ತಂದೆ. ಹೀಗೆ ಎರಡು ವರ್ಷ ನಾನು ಸಪ್ಲೈ ಮಾಡಿದೆ, ಅತ್ತೆ ಓಣಿಗೆಲ್ಲ ಹಂಚಿದರು. ಆದರೆ ಹಾರ್ಮೋನಿಯಂ ಮುಚ್ಚುವಷ್ಟು ದೊಡ್ಡದೊಂದು ಬರಲೇ ಇಲ್ಲ.

ಕಳೆದ ತಿಂಗಳು ಅತ್ತೆ ಓಣಿಯ ಏಳು ಹೆಣ್ಣುಮಕ್ಕಳನ್ನು ಪಡಸಾಲೆಯಲ್ಲಿ ಕೂಡ್ರಿಸಿ, "ನಮ್ಮ ಸೊಸಿ ಕಲಸ್ತಾಳ. ಏನೂ ಬರದವ್ರಿಗೂ ಬರೂಹಂಗ ಕಲಸ್ತಾಳ" ಎಂದು ಸಾರಿದರು. ಎಂಟನೆಯವರಾಗಿ ತಾವೂ ಕೂತರು.

ಏನೂ ಬರದವರು ಕಲಿಯಬಹುದು. ಏನೂ ಬರದವರು ಕಲಿಸುವುದು ಹೇಗೆ?

ನಿಜ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹೇಳಲಾಗಲಿಲ್ಲ. ನನ್ನ ಅತ್ತೆ ಕೆಟ್ಟವರಾಗಿದ್ದರೆ ಎಂದೋ ಹೇಳಿಬಿಡುತ್ತಿದ್ದೆ. ಜ್ವರ ಬಂದಾಗ ತಲೆ ಹಿಡಿದು ಕೂತವರು. "ನಮ್ಮ ಸೊಸಿ ಬಾಯಾಗ ಸುಳ್ಳ ಬರೂದಿಲ್ಲ" ಎಂದು ಓಣಿಯೆಲ್ಲ ಹೇಳಿಕೊಂಡು ಬಂದವರು. ಆ ಮುಖ ಸಣ್ಣದಾಗುವುದನ್ನು ನೋಡಲು ನನಗೆ ಹೆದರಿಕೆ.

ಅಣ್ಣನಿಗೆ ಅರ್ಜೆಂಟಾಗಿ ಪತ್ರ ಬರೆದೆ. ಇನ್‌ಲ್ಯಾಂಡ್ ಲೆಟರಿನಲ್ಲಿ ಉತ್ತರ ಬಂತು: "ಹೊಸದಾಗಿ ಕಲಿಯೋರಿಗೆ ಹೂ. ಮೊದಲ ಆರು ಸರಪಳಿ ಹಾಕಿ ಉಂಗುರ ಮಾಡು. ಉಂಗುರದ ಸುತ್ತ ಆರು ಕಮಾನು. ಒಂದೊಂದು ಕಮಾನಿಗೆ ಒಂದೊಂದು ಎಸಳು. ಅದರ ಬೆನ್ನಿಗೆ ಮತ್ತ ಕಮಾನು, ಮತ್ತ ಎಸಳು, ಈ ಸಲ ದೊಡ್ಡದು. ಮುಂದಿನ ಸುತ್ತೂ ಹಿಂಗ. ನಡುವ ದಾರ ಕಡೀಬ್ಯಾಡ."

ಪತ್ರವನ್ನು ಪುಸ್ತಕದೊಳಗೆ ಇಟ್ಟುಕೊಂಡು ಪಾಠ ಶುರು ಮಾಡಿದೆ. ಟೀಚರ್ ಆದವಳು ಹೆಣೆಯಬಾರದು, ನೋಡಬೇಕು ಎಂದು ಮೊದಲೇ ಹೇಳಿಬಿಟ್ಟೆ. ಎಂಟೂ ಜನ ತಲೆಯಾಡಿಸಿದರು. ಆಶ್ಚರ್ಯವೆಂದರೆ ಹೂ ಬಂತು! ಮೊದಲ ವಾರ ರೂಪಾಯಿ ಅಗಲ, ಎರಡನೆಯ ವಾರ ತಾಟಿನ ಅಗಲ.

"ಟೀಚರ್ರ, ಎಲ್ಲಿಗೆ ನಿಂದರಸಬೇಕ್ರಿ?" ಕೇಳಿದರು ಗಂಗಕ್ಕ.

ಪತ್ರ ಹುಡುಕಿದೆ. ಮುಂದೆ, ಹಿಂದೆ, ಅಂಟು ಹಚ್ಚುವ ಮಡಿಕೆಯಲ್ಲೂ ನೋಡಿದೆ. ನಿಲ್ಲಿಸುವ ವಿಷಯವೇ ಇಲ್ಲ. ಇದ್ದದ್ದು ಒಂದೇ: ದಾರ ಕಡೀಬ್ಯಾಡ.

ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಇದು ಅರ್ಥವಾಗುತ್ತದೆ. ಮಗ್ಗದ ಮೇಲೆ ಸೀರೆ ಇರುವಾಗ ಕತ್ತರಿ ಹತ್ತಿರ ಬರಬಾರದು. ದಾರ ತಾನೇ ಹರಿದರೆ ಗಂಟು ಹಾಕಿ ಮುಂದೆ ನಡೆಯಬೇಕು. ಚಿಕ್ಕವಳಿದ್ದಾಗ ಕತ್ತರಿ ಹಿಡಿದು ಮಗ್ಗದ ಕಡೆ ಹೋಗಿ ಅಪ್ಪನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವಳು ನಾನು. ಮುಗಿಯುವುದು ಯಾವಾಗ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಸೆರಗು ಬಂದರೆ ಸೀರೆ ಮುಗಿಯಿತು. ಹೂವಿಗೆ ಸೆರಗು ಎಲ್ಲಿರುತ್ತದೆ?

"ನಿಂದರಸಬ್ಯಾಡ್ರಿ. ದಾರಾನೂ ಕಡೀಬ್ಯಾಡ್ರಿ" ಅಂದೆ, ಗಂಭೀರವಾಗಿ.

ಎಂಟೂ ಹೂಗಳು ಬೆಳೆದವು. ಗಂಗಕ್ಕನ ಹೂವಿಗೆ ಬೇರೆ ಕುರ್ಚಿ ಬೇಕಾಯಿತು. ಎದುರು ಮನೆಯವರು ತಮ್ಮ ಹೂವಿನ ಎಸಳಿನಲ್ಲಿ ಕೂಸನ್ನು ಮಲಗಿಸಿದರು. ಅಂಗಡಿಯಲ್ಲಿ ಗುಲಾಬಿ ಬಣ್ಣದ ದಾರ ಖಾಲಿಯಾಯಿತು. ಎಲ್ಲರಿಗಿಂತ ಶ್ರದ್ಧೆ ಅತ್ತೆಯದು. ಊಟ ಬಿಟ್ಟರೂ ಸುತ್ತು ಬಿಡಲಿಲ್ಲ. ಅವರ ಗುಲಾಬಿ ಹೊರಸು ಮಂಚದ ಅಗಲ ದಾಟಿ ಗುರುವಾರ ಬಾಗಿಲಿಗೆ ಬಂದು ನಿಂತಿತು.

ಆಗಲೇ ಬರಬೇಕೇ ಈರಣ್ಣ? ಪೇಟೆಯ ಅಂಗಡಿಗೆ ಸೀರೆ ಕೊಡಲು ಬಂದವನು, ಬಗಲಲ್ಲಿ ಗಂಟು ಹಿಡಿದೇ ಅಂಗಳದಲ್ಲಿ ನಿಂತುಬಿಟ್ಟ. ಹೂ ನೋಡಿದ. ಕೆಲಸಗಾರನಿಗೆ ತಡೆಯಲಾಗಲಿಲ್ಲ. ಗಂಟು ಕೆಳಗಿಟ್ಟು, ಎಸಳಿನ ಸಂದಿಯಲ್ಲಿ ಕೈ ತೂರಿಸಿ ಅತ್ತೆಯ ಕೈಯಿಂದ ಸೂಜಿ ಇಸಿದುಕೊಂಡು, ದಾರವನ್ನು ಹಲ್ಲಿನಿಂದ ಕಟ್ಟನೆ ಕಡಿದ. ಕೊನೆಯ ಕುಣಿಕೆಯಲ್ಲಿ ತೂರಿಸಿ ಜಗ್ಗಿದ. ಹೂ ಮುಗಿಯಿತು. ಅಷ್ಟೇ ಕೆಲಸ!

"ಯಾವ ಹುಚ್ಚಿ ಕಲಸ್ಯಾಳ ಇದನ್ನ? ಮುಗಸೂದು ಗೊತ್ತಿರಬಾರ್ದೇನ?" ಎಂದು ಗುಡುಗಿದ.

"ಮುಗಸೂದು ನೀ ಪತ್ರದಾಗ ಬರದಿದ್ದರ ತಾನ ಅಣ್ಣಾ!" ಅಂದೆ ನಾನು.

ಅಂದಮೇಲೆ ತಿಳಿಯಿತು, ಏನು ಅಂದೆ ಎಂದು. ಎರಡು ವರ್ಷ ಕಾಪಾಡಿದ್ದನ್ನು ನನ್ನ ಬಾಯೇ ಒದರಿಬಿಟ್ಟಿತ್ತು.

ಅತ್ತೆ ಅಣ್ಣನ ಕೈಯಲ್ಲಿದ್ದ ಸೂಜಿ ನೋಡಿದರು. ಮೀಸೆ ನೋಡಿದರು. ಆಮೇಲೆ ನನ್ನನ್ನು ನೋಡಿ ಮೆಲ್ಲಗೆ ಕೇಳಿದರು: "ಹಂಗಾರ ಅವತ್ತ ಇಳಕಲ್ಲಿಗೆ ಬಂದು ನಾವು ಯಾರನ್ನ ಒಪ್ಪಿಗೊಂಡು ಹ್ವಾದ್ವಿ?"

ನನಗೆ ಅಳು ಬಂತು. ನಾಚಿಕೆಯಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಸುಳ್ಳು ಹೇಳಿದ್ದು ನಮ್ಮ ಮನೆಯವರು ಮಾತ್ರವೇ?

"ತಪ್ಪಾತ್ರೀ ಅತ್ತಿ" ಅಂದೆ. "ಆದರ ನಾವೂ ಪೇಟಿ ಬಾರಸೂ ಹುಡುಗನ್ನ ಒಪ್ಪಿಗೊಂಡಿದ್ವಿರಿ. ಎರಡ ವರ್ಷಾತು, ಪೇಟಿ ದನಿ ನಾ ಒಮ್ಮೆನೂ ಕೇಳಿಲ್ಲರಿ. ಅವರನ್ನ ಕರೀರಿ, ಎಲ್ಲಾರೂ ಕೂಡೇ ಕೇಳೂಣು."

ಕಿಟಕಿಯಿಂದ ಇಣುಕುತ್ತಿದ್ದ ನಮ್ಮ ಯಜಮಾನರು ತಟ್ಟನೆ ಮಾಯವಾದರು. ಬಚ್ಚಲ ಮನೆಯ ಅಗುಳಿ ಬಿದ್ದ ಸದ್ದು ಕೇಳಿಸಿತು.

ಅತ್ತೆ ಬಚ್ಚಲ ಮನೆಯ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಈರಣ್ಣ, ಆ ಕಡೆ ಹಿಡಿಯಪಾ" ಅಂದರು. ಇಬ್ಬರೂ ಸೇರಿ ಹೂವನ್ನು ಓರೆ ಮಾಡಿ ಒಳಗೆ ತಂದು, ಬಿರುಸಾದ ಎಸಳುಗಳನ್ನು ಬಾಗಿಸಿ ಹಾರ್ಮೋನಿಯಂ ಮೇಲೆ ಹೊದಿಸಿದರು. ಪೆಟ್ಟಿಗೆ ಮುಚ್ಚಿತು, ಬೆಂಚೂ ಮುಚ್ಚಿತು, ಎಸಳು ನೆಲಕ್ಕೆ ತಾಗಿದವು. ಅತ್ತೆ ಅಂಚನ್ನು ಒಮ್ಮೆ ತಟ್ಟಿ ಸರಿಮಾಡಿ, ನನ್ನ ಕಡೆ ತಿರುಗಿ, "ಛಂದ ಕುಂತತಿ. ಚಾ ಇಡು, ನಿಮ್ಮಣ್ಣ ಬಂದಾನ" ಅಂದರು.

ನಮ್ಮ ಮನೆಯಲ್ಲಿ ಆ ಹೊದಿಕೆಯನ್ನು ಈಗ ಯಾರೂ ಎತ್ತುವುದಿಲ್ಲ. ನಿಮ್ಮ ಮನೆಯ ಕ್ರೋಶಾ ಕೆಳಗೆ ಏನಿದೆ?