ಜೊತೆಗಿಡದ ಕೊಂಬೆ

ಕೊಂಬೆ ನೆಲದ ಮೇಲೆ ಬಿದ್ದಿತ್ತು. ಅದರ ಮೊಗ್ಗುಗಳು ಆಗಲೇ ಗುಲಾಬಿ ಬಣ್ಣಕ್ಕೆ ತಿರುಗಿದ್ದವು, ಇನ್ನೆರಡು ದಿನ ಕಳೆದರೆ ಅರಳುತ್ತಿದ್ದವು. ನೋಡಿದ ಕೂಡಲೇ ನನ್ನ ಮೈಯೆಲ್ಲ ಉರಿದುಹೋಯಿತು.

ಹೆತ್ತೂರಿನ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಸೇಬು ಬೆಳೆಯುತ್ತೇನೆಂದು ಹೊರಟವಳು ನಾನು. ನಗದವರೇ ಇಲ್ಲ. ಮೊದಲ ಸಲ ನರ್ಸರಿಯವರು ಫೋನಿನಲ್ಲಿ ಬೇರುಸಸಿ ಯಾವುದಿರಲಿ ಎಂದು ಕೇಳಿದ್ದರು. ಅಡಿಯ ಬೇರು ಯಾವುದಾದರೇನು, ಹಣ್ಣು ಬಿಡುವುದು ಮೇಲಿನ ಕಸಿ ತಾನೇ ಎಂದುಕೊಂಡು, ಕೈಗೆಟುಕುವಂತೆ ಗಿಡ್ಡವಾಗಿ ಬೆಳೆಯುವಂಥ ಎರಡು ಗಿಡ ತರಿಸಿದೆ. ಆಷಾಢದ ಮಳೆಗೆ ಎರಡು ಗಿಡದ ಬುಡವೂ ಕೊಳೆತು, ತೊಗಟೆ ಉಗುರು ತಾಗಿಸಿದರೆ ಸುಲಿದು ಬರುತ್ತಿತ್ತು. ಎರಡನೇ ಸಲ ಬುದ್ಧಿ ಬಂತು. ಹಸಿ ಮಣ್ಣನ್ನೂ ತಡೆಯುವ ಗಟ್ಟಿ ಬೇರಿನ ಮೇಲೆ ಕಸಿ ಮಾಡಿದ ಎರಡು ಗಿಡ ತರಿಸಿ, ದಿಬ್ಬ ಮಾಡಿ ನೆಟ್ಟೆ. ಒಂದು ಅನ್ನಾ ಎಂಬ ತಳಿ, ಅದಕ್ಕೆ ಜೊತೆಯಾಗಿ ಡಾರ್ಸೆಟ್ ಎಂಬ ಇನ್ನೊಂದು ತಳಿ. ಎರಡೂ ಒಟ್ಟಿಗೆ ಹೂಬಿಟ್ಟು, ಒಂದರ ಪರಾಗ ಇನ್ನೊಂದಕ್ಕೆ ಸಿಕ್ಕಿದರೇ ಕಾಯಿ ಎಂದು ನರ್ಸರಿಯವರು ಬಿಡಿಸಿ ಹೇಳಿದ್ದರು. ಇಡೀ ತೋಟದಲ್ಲಿ ನಾನಾಗಿ ಆರಿಸಿ ನೆಟ್ಟದ್ದು ಇವೆರಡೇ.

ಹೋದ ವರ್ಷ ಜನವರಿಯಲ್ಲಿ ಆನೆ ಬಂದು ಡಾರ್ಸೆಟ್ಟನ್ನು ತುಳಿದು ಹೋಯಿತು. ಮುರಿದುಬಿದ್ದ ಕಡ್ಡಿಯೊಂದನ್ನು ಅನ್ನಾದ ಮೇಲೆಯೇ ಕಸಿ ಕಟ್ಟಿದೆ. ಪುಣ್ಯಕ್ಕೆ ಅದು ಹಿಡಿಯಿತು. ವರ್ಷದೊಳಗೆ ಬೆರಳು ದಪ್ಪವಾಗಿ, ನೆಟ್ಟಗೆ ಮೇಲೆದ್ದಿತು. ಆ ಮರಕ್ಕೆ ಜೊತೆ ಎಂದು ಉಳಿದದ್ದು ಆ ಒಂದು ಕೊಂಬೆ.

ನನ್ನ ಗಂಡ ಗಡುವು ಬೇರೆ ಹಾಕಿದ್ದರು. "ಈ ವರ್ಷಾನೂ ಕಾಯಿ ಬರ್ಲಿಲ್ಲ ಅಂದ್ರೆ ಕಿತ್ತಾಕಿ ಕಣ ದೊಡ್ಡದು ಮಾಡ್ಬುಡ್ತೀನಿ ಕಣೆ. ಕಾಫಿ ಒಣಗಾಕೋಕೆ ಜಾಗ ಎಲ್ಲೈತೆ?" ಅವರು ಹೇಳಿದರೆ ಮಾಡುವವರು.

ಆವತ್ತು ಆ ಕೊಂಬೆ ನೆಲದ ಮೇಲೆ ಬಿದ್ದಿದ್ದನ್ನು ನಾನು ಕಂಡಾಗ ಕಟರ್ ಇನ್ನೂ ಅವರ ಕೈಯಲ್ಲೇ ಇತ್ತು.

"ಇದನ್ನ ಯಾರು ಕಡ್ದಿದ್ದು?"

"ನಾನೇ. ಕಂಬಚಿಗುರು ಎದ್ದಿತ್ತಲ್ಲ, ತೆಗ್ದೆ."

ಕಾಫಿ ಗಿಡದಲ್ಲಿ ನೆಟ್ಟಗೆ ಏಳುವ ಚಿಗುರು ಫಸಲನ್ನು ತಿಂದುಹಾಕುತ್ತದೆ. ಅದನ್ನು ಕಂಡಲ್ಲಿ ತೆಗೆಯುವುದು ನಮ್ಮ ಕಡೆ ಎಲ್ಲರ ಕೈಗೂ ಅಂಟಿದ ಅಭ್ಯಾಸ. ನಾನೂ ಎಷ್ಟೋ ತೆಗೆದಿದ್ದೇನೆ. ಆದರೂ ನನ್ನ ಬಾಯಿ ನಿಲ್ಲಲಿಲ್ಲ.

"ಸುಳ್ಳು ಹೇಳ್ಬೇಡ್ರಿ. ಕೊಂಬೆ ಬುಡದಲ್ಲಿ ಕಸಿಗೆ ನಾನು ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿ ಕಾಣ್ಲಿಲ್ವಾ? ಮರ ಕೀಳ್ಬೇಕು ಅಂತ ಬೇಕಂತಲೇ ಕಡ್ದಿದೀರಿ."

ಅವರ ಮುಖ ಸಣ್ಣದಾಯಿತು. ಬಚ್ಚಲಿನಿಂದ ಬಕೆಟ್ ತಂದು, ನೀರು ತುಂಬಿ, ಕಡಿದ ಕೊಂಬೆಯನ್ನು ಅದರಲ್ಲಿ ನಿಲ್ಲಿಸಿ ಮರದ ಕೆಳಗಿಟ್ಟರು.

"ಮೊಗ್ಗಿನಲ್ಲಿ ಜೀವ ಐತೆ. ಅರಳಿದ್ರೆ ಜೇನು ಬರ್ತಾವೆ, ನೋಡಾನ."

ಮೂರನೇ ದಿನ ಬೆಳಿಗ್ಗೆ ಬಕೆಟ್ಟಿನ ಹೂ ಅರಳಿತು. ಆದರೆ ಹೂಬಿಡಲೆಂದು ಸ್ಪ್ರಿಂಕ್ಲರ್‌ನಿಂದ ನೀರು ಹಾಯಿಸಿದ್ದ ರೋಬಸ್ಟಾ ಕಾಫಿ ಕೂಡ ಅದೇ ಬೆಳಿಗ್ಗೆ ತೋಟ ತುಂಬ ಬೆಳ್ಳಗೆ ಬಿರಿಯಿತು. ಜೇನೆಲ್ಲ ಆ ಕಡೆ. ಒಂಬತ್ತು ಗಂಟೆ, ಹತ್ತು ಗಂಟೆ, ಒಂದೇ ಒಂದು ಹುಳ ಈ ಕಡೆ ತಿರುಗಲಿಲ್ಲ. ಅನ್ನಾದ ಹೂವಿನ ಎಸಳು ಆಗಲೇ ಉದುರತೊಡಗಿತ್ತು. ಕೊನೆಗೆ ಕಿವಿಗೆ ಹಾಕುವ ಹತ್ತಿಕಡ್ಡಿ ತಂದು, ಬಕೆಟ್ಟಿನ ಹೂವಿಗೆ ಸವರಿ, ಮರದ ಹೂವಿಗೆ ಒಂದೊಂದಾಗಿ ಮುಟ್ಟಿಸತೊಡಗಿದೆ. ಅವರು ಅಡುಗೆಮನೆಯ ಸ್ಟೂಲು ತಂದು ಹತ್ತಿ ನಿಂತರು.

"ಮೇಲಿಂದು ನಂಗಿರ್ಲಿ. ನೀ ಕೆಳಗಡೆ ನೋಡ್ಕೊ," ಎಂದು ಒಂದು ಕಡ್ಡಿ ಇಸಿದುಕೊಂಡರು.

ಮಧ್ಯಾಹ್ನದವರೆಗೂ ಇಬ್ಬರೂ ಒಂದೊಂದೇ ಹೂವಿಗೆ ಕಡ್ಡಿ ಮುಟ್ಟಿಸುತ್ತಲೇ ಇದ್ದೆವು. ನನ್ನ ಸಿಟ್ಟು ಇಳಿದಿರಲಿಲ್ಲ.

ಈಗ ಏಪ್ರಿಲ್. ನಾಲ್ಕು ಕಾಯಿ ನಿಂತಿವೆ, ನಿಂಬೆಹಣ್ಣಿನ ಗಾತ್ರಕ್ಕೆ ಬಂದಿವೆ. ಕಣದ ಮಾತನ್ನು ಅವರು ಮತ್ತೆ ಎತ್ತಿಲ್ಲ. ನಾಲ್ಕೂ ಇರುವುದು ಮೇಲಿನ ಕೊಂಬೆಗಳಲ್ಲಿ. ನಾನು ಮುಟ್ಟಿದ ಹೂಗಳಲ್ಲಿ ಒಂದೂ ಕಾಯಿ ಕಟ್ಟಲಿಲ್ಲ. ದಿನಾ ಬೆಳಿಗ್ಗೆ ಮರದ ಕೆಳಗೆ ನಿಂತು ಕತ್ತೆತ್ತಿ ನೋಡುತ್ತೇನೆ. ಬೇಕಂತಲೇ ಕಡಿದಿರಿ ಎಂದ ಮಾತನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.