ಕೆನ್ನೆಗೆ ತಾಗಿದ ದಾರ

ತುಂಗಭದ್ರೆಗೆ ಮುಂಗಾರಿನ ಹೊಸ ನೀರು ಬಂತೆಂದರೆ ಬಾಳೆ ಮೀನು ಸೆಳೆವಿಗೆ ಎದುರಾಗಿ ಮೇಲಕ್ಕೆ ಏರತೊಡಗುತ್ತದೆ. ಆಗ ನಮ್ಮ ಮನೆಯವರನ್ನು ದಢೇಸುಗೂರಿನ ಗದ್ದೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಭಾನುವಾರ ಸಿಂಧನೂರಿನ ಶಾಲೆಯಿಂದ ನನಗೂ ಬಿಡುವು. ಹರಿಗೋಲಿನಲ್ಲಿ ಅವರು ದಾರ ಹಿಡಿದು ಕೂರುತ್ತಾರೆ, ಹುಟ್ಟು ಹಾಕುವವಳು ನಾನು.

ಹಿಡಿಕೆ ಮುರಿದ ಸ್ಟೀಲ್ ಚಮಚಕ್ಕೆ ಗಾಳ ಕಟ್ಟಿ, ಉದ್ದನೆಯ ದಾರದಲ್ಲಿ ಹಿಂದಿನಿಂದ ಎಳೆದುಕೊಂಡು ಹೋಗಬೇಕು. ಏರುವ ಮೀನು ದಣಿವಾರಿಸಿಕೊಳ್ಳುವುದು ಸೆಳೆವಿನ ಅಂಚಿನಲ್ಲಿ, ಅಲ್ಲೇ ಸಾಗಬೇಕು. ಜೋರಾಗಿ ಹೋದರೆ ಚಮಚ ಮೇಲೇಳುತ್ತದೆ, ನಿಂತರೆ ತಳ ಸೇರುತ್ತದೆ. ಮದುವೆಯಾದಾಗಿನಿಂದ ನಾನು ಬೈಸಿಕೊಂಡದ್ದು ಅಡುಗೆಗಲ್ಲ, ಈ ಹುಟ್ಟಿಗೆ.

ಈ ಸಲ ಮಾತ್ರ ಬೈಗುಳ ನಿಂತಿತು. ಮೀನು ಬಡಿದು ದಾರ ಅದುರಿದ್ದು ನನ್ನ ಕಣ್ಣಿಗೆ ಕಂಡರೂ ಅವರು ಬೆಳ್ಳಕ್ಕಿ ನೋಡುತ್ತ ಕುಳಿತಿದ್ದರು.

“ರೀ, ಬಡೀತಲ್ರೀ!”

“ಅಲೆ ಅದು,” ಅಂದರು.

ಮನೆಯಲ್ಲಿ ಸುಡುವ ಚಹಾದ ಲೋಟವನ್ನು ಸಲೀಸಾಗಿ ಹಿಡಿದದ್ದು ನೋಡಿದಾಗ ನನಗೆ ತಿಳಿಯಿತು. ಶುಗರು ಅವರ ಬೆರಳ ತುದಿಗಳ ಸ್ಪರ್ಶ ಕಸಿದಿತ್ತು. ಕೇಳಿದರೆ ತಲೆ ತಗ್ಗಿಸಿ, “ಹರಿಗೋಲು ಯಾರಿಗರೆ ಕೊಟ್ಟುಬಿಡೋಣು,” ಎಂದರು. ಬೈಯದ ಗಂಡನ ಜೊತೆ ಬಾಳುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಹಟ ಮಾಡಿ ಹೊರಡಿಸಿದೆ. ದಾರದ ತುದಿಯನ್ನು ಹರಿಗೋಲಿನ ಅಂಚಿಗೆ ಬಿಗಿದು, ನಡುವಿನ ಎಳೆಯನ್ನು ಅವರ ಕೆನ್ನೆಗೆ ತಾಗಿಸಿದೆ. “ಬೆರಳಿಗೆ ತಿಳೀಲಿಲ್ಲಂದ್ರ ಏನಾತ್ರೀ, ಗಲ್ಲಕ್ಕ ತಿಳೀತೈತಲ್ಲ.”

“ಹುಚ್ಚಿ ಏನ ನೀ?” ಅಂದರು. ಅಂದರೂ ಕೆನ್ನೆ ತೆಗೆಯಲಿಲ್ಲ.

ಜಾಲಿ ಗಿಡಗಳ ತಿರುವು ದಾಟುತ್ತಿದ್ದಂತೆ ಅವರು ಕುಳಿತಲ್ಲೇ ಎಗರಿದರು. “ಬಡೀತು! ಬಡೀತ ನೋಡು!”

ಅವರ ಮುಖ ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ಹುಟ್ಟು ಬಿಟ್ಟು ಚಪ್ಪಾಳೆ ತಟ್ಟಿಬಿಟ್ಟೆ. ಹರಿಗೋಲು ನಿಂತಿತು, ದಾರ ಸಡಿಲವಾಯಿತು, ಮೀನು ಗಾಳ ಬಿಡಿಸಿಕೊಂಡು ಹೋಯಿತು.

“ಏ, ಹುಟ್ಟು ಯಾಕ ಬಿಟ್ಟಿ? ಮೀನು ಬಡದಾಗ ನಿಲ್ಲಿಸಬ್ಯಾಡ ಅಂತ ಎಷ್ಟು ಸಲ ಹೇಳೀನಿ ನಿನಗ? ಸಾಲಿಯಾಗ ಹುಡುಗರಿಗೆ ಏನ ಕಲಸ್ತಿ ನೀ?”

ದಡ ಮುಟ್ಟುವವರೆಗೂ ಬೈದರು. ನಾನು ಬೇಕೆಂದೇ ನಿಧಾನವಾಗಿ ಹುಟ್ಟು ಹಾಕಿದೆ.