ಮೂರು ಗಾಳಗಳ ಗುತ್ಯಪ್ಪ ಭಾವ

ನನ್ನ ಭಾವ ಗುತ್ಯಪ್ಪನವರಿಗೆ ಕುಪ್ಪಗಡ್ಡೆಯಲ್ಲಿ ಎರಡೆಕರೆ ಗದ್ದೆ, ಹನ್ನೊಂದು ಕುರಿ, ಗೋಡೆಯ ಮೇಲೆ ಮೂರು ಗಾಳ. ಬಾಯಿ ಬಿಟ್ಟರೆ ಮಾತ್ರ ಬರೀ ಗಾಳದ್ದೇ ಮಾತು. ಮೊಣಕಾಲುದ್ದ ನೀರಲ್ಲಿ ಕಳೆ ಬೆಳೆದಿದ್ದರೆ ಭಾರವಿಲ್ಲದ ಗಾಳ. ಕೊಕ್ಕೆಯ ಕಪ್ಪೆಮರಿ ಎಲೆಗಳ ಮೇಲೆ ಜಿಗಿಯುತ್ತ ಹೋಗಬೇಕು. ಕೆಸರು ತಳಕ್ಕೆ ಬೆಂಡು ಕಟ್ಟಿದ್ದು. ಇಲ್ಲದಿದ್ದರೆ ಎರೆ ಹೂತುಹೋಗಿ ಮೀನಿಗೆ ಕಾಣುವುದೇ ಇಲ್ಲ. ಆಳದ ಕಲ್ಲುತಳಕ್ಕೆ ದಾರದ ತುದಿಯಲ್ಲಿ ಸೀಸ, ಅದಕ್ಕಿಂತ ಒಂದು ಗೇಣು ಮೇಲೆ ಕೊಕ್ಕೆ. ಹೊಸಬಾಳೆಯಿಂದ ಅಕ್ಕನನ್ನು ನೋಡಲು ಹೋದಾಗಲೆಲ್ಲ ಇದನ್ನೇ ಕೇಳಿ ನನ್ನ ಕಿವಿ ತೂತಾಗಿದೆ.

ಕಳೆದ ಮಳೆಗಾಲದ ಕೊನೆಗೆ ಅಕ್ಕ ಹನುಮಮ್ಮನಿಗೆ ಟೈಫಾಯಿಡ್ ಆಯಿತು. ಜ್ವರ ಬಿಟ್ಟರೂ ಬಾಯಿಗೆ ರುಚಿ ಬರಲಿಲ್ಲ. ಎರಡು ಗುಟುಕು ಗಂಜಿ ಕುಡಿದು ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು. ಹೀಗೇ ಆದರೆ ಮತ್ತೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದರು ಡಾಕ್ಟರು. ಏನು ತಿನ್ನುತ್ತೀಯ ಎಂದರೆ ಕುಚ್ಚು ಮೀನಿನ ಸಾರು ಎಂದಳು. ನಾನು ಸೊರಬದಿಂದ ತಂದ ಐಸ್ ಮೀನನ್ನು ಮೂಸಿ ಪಕ್ಕಕ್ಕೆ ತಳ್ಳಿದಳು.

ಭಾವ ಕಳೆಯ ಗಾಳ ಹಿಡಿದು ಊರ ಕೆರೆಯ ಹೊಂಗೆಮರದ ಮೂಲೆಗೆ ಹೊರಟರು. ಅವರಿಗೆ ಯಾವಾಗಲೂ ಕುಚ್ಚು ಸಿಗುತ್ತಿದ್ದ ಜಾಗ ಅದು. ಮೂರು ದಿನ ಕೂತು ಬರಿಗೈಯಲ್ಲಿ ಬಂದರು. ಗಾಳ ಬದಲಿಸಿ ನೋಡಿ ಎಂದಿದ್ದಕ್ಕೆ ನನ್ನ ಮೇಲೆ ರೇಗಿದರು. ಇಂಥ ಜಂಬದ ಮನುಷ್ಯನಿಗೆ ಅಕ್ಕನನ್ನು ಕೊಟ್ಟೆವಲ್ಲ ಎಂದು ನನಗೂ ಸಿಟ್ಟು ಬಂತು.

ಕೆರೆಯಲ್ಲಿ ಮೀನೇ ಇಲ್ಲ ಎಂದು ಭಾವ ಗೊಣಗಿದಾಗ, ಎಲ್ಲಿ ಕೂತಿದ್ದಿರಿ ಎಂದು ಅಕ್ಕ ಮಲಗಿದಲ್ಲಿಂದಲೇ ಕೇಳಿದಳು. ಜಾಗ ಕೇಳಿ ನಕ್ಕಳು. ಬೇಸಿಗೆಯಲ್ಲಿ ಭಾವ ಮೀನು ಮುಚ್ಚಿ ಹಿಡಿಯುವ ಬಿದಿರಿನ ಕೂಣಿ ಹೊತ್ತುಕೊಂಡು ಕುಬಟೂರಿನ ಕಡೆ ಕೆರೆಬೇಟೆಗೆ ಅಲೆಯುತ್ತಿದ್ದ ವಾರ, ಇಲ್ಲಿ ಜೆಸಿಬಿ ತಂದು ಕೆರೆಯ ಹೂಳೆತ್ತಿದ್ದರು. ಮೇಲೆ ಮೇಲೆ ಕೆರೆದಿದ್ದಾರೆ ಎಂದುಕೊಂಡಿದ್ದರು ಭಾವ. ಗದ್ದೆಗೆ ಗೋಡುಮಣ್ಣು ಹೊಡೆಸಲು ಟ್ರ್ಯಾಕ್ಟರಿನ ಜೊತೆ ಕೆರೆಗೆ ಇಳಿದವಳು ಅಕ್ಕ.

"ಅಲ್ಲಿ ಕಳೆ ಎಲ್ಲೈತ್ರೀ? ಎರಡಾಳು ಗುಂಡಿ, ತಳದಲ್ಲಿ ಬರೀ ಜಂಬಿಟ್ಟಿಗೆ ಕಲ್ಲು. ಟ್ರ್ಯಾಕ್ಟರ್ ಇಳ್ಯಾಕೆ ದಾರಿ ಮಾಡಿದ್ರಲ್ಲ, ಅದರ ಅಂಚಿಗೆ ಸೀಸದ್ದು ಬಿಡಿ."

"ನಲವತ್ತು ವರ್ಷದಿಂದ ಆ ನೀರು ನೋಡೀನಿ ಕಣೇ."

"ನೀವು ನೀರು ನೋಡೀರಿ. ನಾನು ತಳದಲ್ಲಿ ನಿಂತಿದ್ದೆ."

ಮರುದಿನ ಬೆಳಿಗ್ಗೆ ಭಾವ ಅದೇ ಮೂಲೆಯಲ್ಲಿ ಸೀಸ ಬಿಟ್ಟು ಒದ್ದೆಯಾದ ದಾರ ಅಳೆದರು, ಸರಿಯಾಗಿ ಎರಡಾಳು. ಅಂಚಿನುದ್ದಕ್ಕೂ ಗಾಳ ಬಿಡುತ್ತ ಹೋದರು. ಮಧ್ಯಾಹ್ನದ ಹೊತ್ತಿಗೆ ಮೊಳದುದ್ದದ ಕುಚ್ಚು ಹಿಡಿದು, ಅರವತ್ತೈದರ ಮನುಷ್ಯ ಓಡುತ್ತಾ ಬಂದರು. ತಾವೇ ಕೊಯ್ದರು, ತಾವೇ ಖಾರ ಅರೆದರು. ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ.

ಅಕ್ಕ ಮೊದಲ ತುತ್ತಿಗೇ ಉಪ್ಪು ಕಮ್ಮಿ ಎಂದು ಬೈದಳು. ಆಮೇಲೆ ಪೂರ್ತಿ ಉಂಡು, ಖಾಲಿ ತಟ್ಟೆಯನ್ನು ಮತ್ತೆ ಮುಂದೆ ಚಾಚಿದಳು. ಭಾವ ಇನ್ನೊಂದು ಸೌಟು ಸಾರು ಬಡಿಸಿದರು. ಅವರು ಅಳುತ್ತಿದ್ದರು. ಈ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.